ಗುದ್ದಾಟಕ್ಕೆ ಐದು ನಿಮಿಷ ಸಾಕೇ? ಎನ್‌ಎಚ್‌ಎಲ್ ಆಯುಕ್ತರಿಗೊಂದು ಬಹಿರಂಗ ಪತ್ರ

ಶ್ರೀ ಗ್ಯಾರಿ ಬೆಟ್‌ಮನ್ ಅವರಿಗೆ,
ಆಯುಕ್ತರು, ನ್ಯಾಷನಲ್ ಹಾಕಿ ಲೀಗ್,
ನ್ಯೂಯಾರ್ಕ್

ವಿಷಯ: ಬಾಬ್ ಪ್ರೋಬರ್ಟ್ ಮತ್ತು ಅವರಂಥ ನಿವೃತ್ತ ಆಟಗಾರರ ಮಿದುಳಿಗೆ ಆದ ಹಾನಿಯ ಬಗ್ಗೆ ಲೀಗ್ ತಾಳಿರುವ ನಿಲುವು

ಮಾನ್ಯರೇ,

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ಅಂಚೆಯಲ್ಲಿ ನಿಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕನ್ನಡದಲ್ಲಿಯೂ ಪ್ರಕಟಿಸುತ್ತಿರುವುದಕ್ಕೆ ಕಾರಣವಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಿಂಡ್ಸರ್‌ನಲ್ಲಿ, ನದಿಯ ಆಚೆ ದಡದ ಡೆಟ್ರಾಯಿಟ್ ಸುತ್ತಮುತ್ತ, ಟೊರಾಂಟೊ ಕಡೆಯಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಈಗ ಕ್ರಿಕೆಟ್ ಬ್ಯಾಟಿನ ಜೊತೆಗೆ ಸ್ಕೇಟುಗಳನ್ನೂ ಕೇಳುತ್ತಿದ್ದಾರೆ. ಚಳಿಗಾಲದಲ್ಲಿ ಬೆಳಗಿನ ಐದು ಗಂಟೆಗೆ ಮಕ್ಕಳನ್ನು ರಿಂಕಿಗೆ, ಅಂದರೆ ಮಂಜುಗಡ್ಡೆಯ ಆಟದಂಗಳಕ್ಕೆ, ಕರೆದೊಯ್ಯುವ ತಂದೆತಾಯಂದಿರು ನಿಮ್ಮ ಲೀಗಿನ ಪಂದ್ಯಗಳಿಗೆ ಟಿಕೆಟ್ ಕೊಳ್ಳುತ್ತಾರೆ, ನಿಮ್ಮ ತಂಡಗಳ ಜೆರ್ಸಿ ಕೊಳ್ಳುತ್ತಾರೆ. ನಿಮ್ಮನ್ನು ಪ್ರಶ್ನಿಸುವ ಹಕ್ಕು ಅವರಿಗೂ ಇದೆ. ಊರಿನಲ್ಲಿರುವ ಅವರ ಅಪ್ಪ ಅಮ್ಮಂದಿರಿಗೂ ಈ ಆಟ ಎಂಥದ್ದೆಂದು ತಿಳಿಯಲಿ.

ಊರಿನವರಿಗಾಗಿ ಮೊದಲು ಒಂದು ಮಾತು. ಹಾಕಿ ಎಂದರೆ ನಮಗೆ ಕೊಡಗು ನೆನಪಾಗುತ್ತದೆ. ಬೇಸಿಗೆ ಬಂತೆಂದರೆ ಅಲ್ಲಿ ಕೊಡವ ಕುಟುಂಬಗಳು ತಮ್ಮ ತಮ್ಮ ತಂಡ ಕಟ್ಟಿಕೊಂಡು ಮೈದಾನಕ್ಕೆ ಇಳಿಯುತ್ತವೆ. ಆ ಆಟದಲ್ಲಿ ಯಾರಾದರೂ ಎದುರಾಳಿಯ ಮುಖಕ್ಕೆ ಗುದ್ದಿದರೆ ಕೆಂಪು ಕಾರ್ಡು, ಆ ದಿನದ ಆಟ ಮುಗಿದ ಹಾಗೆಯೇ. ಇಲ್ಲಿನ ಮಂಜಿನ ಹಾಕಿಯಲ್ಲಿ ಲೆಕ್ಕವೇ ಬೇರೆ. ಇಬ್ಬರು ಕೈಗವಸು ಕಳಚಿ ಎಸೆದು ಬರಿಗೈಯಲ್ಲಿ ತಲೆಗೆ ಗುದ್ದಾಡುತ್ತಾರೆ. ರೆಫರಿಗಳು ಸುತ್ತ ನಿಂತು ನೋಡುತ್ತಾರೆ, ಒಬ್ಬ ಬಿದ್ದ ಮೇಲೆ ಬಿಡಿಸುತ್ತಾರೆ. ಶಿಕ್ಷೆ ಐದು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕುಳಿತಿರುವುದು. ಆಮೇಲೆ ಇಬ್ಬರೂ ಮತ್ತೆ ಆಟಕ್ಕೆ. ಹೀಗೆ ಗುದ್ದಾಡುವುದನ್ನೇ ಮುಖ್ಯ ಕೆಲಸವನ್ನಾಗಿ ಹೊತ್ತವರಿಗೆ 'ಎನ್‌ಫೋರ್ಸರ್' ಎಂಬ ಹೆಸರಿತ್ತು. ತಂಡದ ಪಟ್ಟಿಯಲ್ಲಿ ಮಾತ್ರ ಅವರಲ್ಲಿ ಹೆಚ್ಚಿನವರು 'ವಿಂಗರ್'ಗಳು, ಅಂದರೆ ಎಡ ಅಥವಾ ಬಲ ಅಂಚಿನಲ್ಲಿ ಆಡುವ ಮುನ್ಪಡೆಯವರು.

ನಮ್ಮ ವಿಂಡ್ಸರ್‌ನ ಬಾಬ್ ಪ್ರೋಬರ್ಟ್ ಅಂಥ ಒಬ್ಬ ಎಡ ವಿಂಗರ್. 1965ರಲ್ಲಿ ಇಲ್ಲಿಯೇ ಹುಟ್ಟಿದವರು. ತಂದೆ ಈ ಊರಿನ ಪೊಲೀಸ್ ಅಧಿಕಾರಿಯಾಗಿದ್ದರು, ಮಗನಿಗೆ ಹದಿನೇಳು ವರ್ಷವಾಗಿದ್ದಾಗ ತೀರಿಕೊಂಡರು. 1983ರ ಆಯ್ಕೆ ಪ್ರಕ್ರಿಯೆಯಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡ ಅವರನ್ನು 46ನೆಯವರಾಗಿ ಆರಿಸಿತು. 1985ರಲ್ಲಿ ಲೀಗಿಗೆ ಬಂದರು.

ಪ್ರೋಬರ್ಟ್ ಎಂದರೆ ಮುಷ್ಟಿ ಮಾತ್ರ ಎಂದುಕೊಂಡವರು 1987-88ರ ಋತುವಿನ ಅಂಕಿಗಳನ್ನು ನೋಡಬೇಕು. 74 ಪಂದ್ಯ, 29 ಗೋಲು, 33 ಅಸಿಸ್ಟ್ (ಜೊತೆಗಾರನ ಗೋಲಿಗೆ ನೆರವು). ಆ ವರ್ಷ ಆಲ್‌ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದರು. ಋತುವಿನ ಕೊನೆಯ ಪ್ಲೇ ಆಫ್‌ಗಳಲ್ಲಿ 16 ಪಂದ್ಯಗಳಿಂದ 21 ಅಂಕ (ಗೋಲು ಮತ್ತು ಅಸಿಸ್ಟ್ ಸೇರಿ) ಗಳಿಸಿ, ಡೆಟ್ರಾಯಿಟ್‌ನ ದಂತಕತೆ ಗಾರ್ಡಿ ಹೌ ಹೆಸರಿನಲ್ಲಿದ್ದ ತಂಡದ ದಾಖಲೆಯನ್ನು ದಾಟಿದರು. ಡೆಟ್ರಾಯಿಟ್‌ನಲ್ಲಿ ಹೌ ಅವರನ್ನು ಹಿಂದಿಕ್ಕುವುದೆಂದರೆ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ. ಆದರೆ ಅದೇ ಋತುವಿನಲ್ಲಿ ಅವರ ಹೆಸರಿನ ಮುಂದೆ 398 ಪೆನಾಲ್ಟಿ ನಿಮಿಷಗಳೂ ಇವೆ. ಇಡೀ ಲೀಗಿನಲ್ಲಿ ಅದೇ ಗರಿಷ್ಠ. ಆಡಿದ ಪ್ರತಿ ಪಂದ್ಯಕ್ಕೆ ಸರಾಸರಿ ಐದು ನಿಮಿಷಕ್ಕೂ ಹೆಚ್ಚು. ಗೋಲು ಹೊಡೆಯಬಲ್ಲ ಕೈಗಳನ್ನು ತಂಡ ಯಾವ ಕೆಲಸಕ್ಕೆ ಹೆಚ್ಚಾಗಿ ಬಳಸಿತು ಎಂಬುದು ಈ ಅಂಕಿಗಳಲ್ಲೇ ಇದೆ. ನಾಯಕ ಸ್ಟೀವ್ ಐಸರ್‌ಮನ್ ಅವರನ್ನು ಯಾರಾದರೂ ಒರಟಾಗಿ ಮುಟ್ಟಿದರೆ ಪ್ರೋಬರ್ಟ್ ಹೋಗಿ ಲೆಕ್ಕ ಚುಕ್ತಾ ಮಾಡಬೇಕಿತ್ತು. ಜೊತೆಗಾರ ಜೋಯಿ ಕೋಸರ್ ಜೊತೆಗೆ ಅವರನ್ನು ಸೇರಿಸಿ ಡೆಟ್ರಾಯಿಟ್ ಜನ 'ಬ್ರೂಸ್ ಬ್ರದರ್ಸ್' (ಜಜ್ಜುಗಾಯದ ಸೋದರರು) ಎಂದು ಮುದ್ದಿನಿಂದ ಕರೆಯುತ್ತಿದ್ದರು.

ನಾನು ಈ ಊರಿಗೆ ಕೆಲಸಕ್ಕೆ ಬಂದಾಗ ಆ ಮುದ್ದು ತುತ್ತತುದಿಯಲ್ಲಿತ್ತು. ಸಹೋದ್ಯೋಗಿಗಳೊಡನೆ ರೆಡ್ ವಿಂಗ್ಸ್ ತಂಡದ ಕ್ರೀಡಾಂಗಣವಾದ ಜೋ ಲೂಯಿಸ್ ಅರೀನಾಗೆ ಹೋಗಿ ಕುಳಿತಾಗ ಕಂಡದ್ದನ್ನು ಹೇಳುತ್ತೇನೆ. ಗೋಲು ಬಿದ್ದಾಗ ಕೆಲವರು ಬಿಯರ್ ಲೋಟ ಹಿಡಿದು ಕುಳಿತೇ ಚಪ್ಪಾಳೆ ತಟ್ಟುತ್ತಿದ್ದರು. ಕೈಗವಸು ಮಂಜಿನ ಮೇಲೆ ಬಿದ್ದರೆ ಕುಳಿತವರು ಒಬ್ಬರೂ ಇರುತ್ತಿರಲಿಲ್ಲ. 1992ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ರೇಂಜರ್ಸ್ ತಂಡದ ಟೈ ಡೋಮಿ ಪ್ರೋಬರ್ಟ್ ಜೊತೆ ಗುದ್ದಾಡಿ, ಸೊಂಟಕ್ಕೆ ಚಾಂಪಿಯನ್ ಪಟ್ಟಿ ಕಟ್ಟಿಕೊಂಡಂತೆ ಅಭಿನಯಿಸಿದರು. ಮುಂದಿನ ಭೇಟಿ ಅದೇ ವರ್ಷದ ಡಿಸೆಂಬರಿನಲ್ಲಿ. ಮರುಪಂದ್ಯವೆಂಬಂತೆ ಪತ್ರಿಕೆಗಳು ಅದನ್ನು ಮೊದಲೇ ಸಾರಿದವು. ಆಟ ಶುರುವಾಗಿ ಒಂದು ನಿಮಿಷವೂ ಆಗುವ ಮೊದಲೇ ಇಬ್ಬರೂ ಎದುರುಬದುರಾದರು, ಒಬ್ಬರ ತಲೆಗೆ ಒಬ್ಬರು ಎಷ್ಟು ಗುದ್ದಿದರೆಂದು ಎಣಿಸುವುದು ಕಷ್ಟ. ಸಭ್ಯತೆಗೆ ಹೆಸರಾದ ಐಸರ್‌ಮನ್ ಕೂಡ ಬೆಂಚಿನಿಂದ ಆ ಪಟ್ಟಿಯ ಅಭಿನಯವನ್ನು ಹಿಂತಿರುಗಿಸಿದರು. ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಎಲ್ಲಿತ್ತು ಎಂಬುದು ಯಾರಿಗೂ ಬೇಕಾಗಿರಲಿಲ್ಲ. ನೀವು ಆಯುಕ್ತರಾಗಿ ಅಧಿಕಾರ ವಹಿಸಿಕೊಂಡದ್ದು ಅದಾದ ಎರಡೇ ತಿಂಗಳಿಗೆ, 1993ರ ಫೆಬ್ರವರಿ 1ರಂದು. ಆದ್ದರಿಂದ ಯಾವ ಬಗೆಯ ಆಟ ನಿಮ್ಮ ಕೈಗೆ ಬಂತೆಂಬುದು ನಿಮಗೆ ಚೆನ್ನಾಗಿ ಗೊತ್ತು.

ಪ್ರೋಬರ್ಟ್ ಅವರನ್ನು ಸಂತರನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಮದ್ಯ, ಮಾದಕವಸ್ತು ಎರಡೂ ಅವರನ್ನು ಬಿಡಲಿಲ್ಲ. 1989ರ ಮಾರ್ಚಿನಲ್ಲಿ ಡೆಟ್ರಾಯಿಟ್-ವಿಂಡ್ಸರ್ ಸುರಂಗದ ಗಡಿಯಲ್ಲಿ ಕೊಕೇನ್ ಸಮೇತ ಸಿಕ್ಕಿಬಿದ್ದು ಜೈಲು ಸೇರಿದರು. ಲೀಗ್ ಅವರನ್ನು ಹೊರಗಟ್ಟಿತು, ಒಂದು ವರ್ಷದ ನಂತರ ಮರಳಿ ಸೇರಿಸಿಕೊಂಡಿತು. ವಲಸೆ ಕಾನೂನಿನ ತೊಡಕಿನಿಂದಾಗಿ ಹಲವು ಕಾಲ ಅಮೆರಿಕ ಬಿಟ್ಟು ಗಡಿಯ ಈಚೆಗೆ ಬರುವಂತಿರಲಿಲ್ಲ. ಕೆನಡಾದ ಹುಡುಗನಿಗೆ ಕೆನಡಾದಲ್ಲಿ ನಡೆಯುವ ಪಂದ್ಯಗಳನ್ನೇ ಆಡಲಾಗಲಿಲ್ಲ. ಸ್ವಂತ ಊರು ನದಿಯಾಚೆ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು. 1994ರ ಬೇಸಿಗೆಯಲ್ಲಿ ಮೋಟಾರ್ ಸೈಕಲ್ ಅಪಘಾತವಾಯಿತು, ಮುಂದಿನ ಇಡೀ ಋತು ಕಳೆದುಹೋಯಿತು. ಆಮೇಲೆ ಷಿಕಾಗೊ ಬ್ಲ್ಯಾಕ್‌ಹಾಕ್ಸ್ ಪರ 2002ರವರೆಗೆ ಆಡಿದರು. ಟೊರಾಂಟೊದ ಹಳೆಯ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ 1999ರಲ್ಲಿ ನಡೆದ ಕಡೆಯ ಎನ್‌ಎಚ್‌ಎಲ್ ಪಂದ್ಯದ ಕಡೆಯ ಗೋಲು ಅವರದೇ.

ಮಾದಕವಸ್ತುವಿಗೆ ಶಿಕ್ಷೆ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆಟಗಾರ ತನ್ನ ದೇಹಕ್ಕೆ ತಾನೇ ಮಾಡಿಕೊಂಡ ಕೇಡನ್ನು ಕಂಡಾಗ ಲೀಗ್ ಆತನ ವೃತ್ತಿಯನ್ನೇ ನಿಲ್ಲಿಸಲು ಹಿಂಜರಿಯಲಿಲ್ಲ. ಸಂಬಳ ಪಡೆದು ಮಾಡಿದ ಕೆಲಸದಿಂದ ಅದೇ ದೇಹಕ್ಕೆ ಆಗುತ್ತಿದ್ದ ಕೇಡಿಗೆ ಮಾತ್ರ ಪ್ರತಿಸಲವೂ ಐದು ನಿಮಿಷ. ಒಟ್ಟು 935 ಪಂದ್ಯಗಳಲ್ಲಿ 163 ಗೋಲು, 221 ಅಸಿಸ್ಟ್, 3,300 ಪೆನಾಲ್ಟಿ ನಿಮಿಷ. ಅರವತ್ತು ನಿಮಿಷದ ಪಂದ್ಯದ ಲೆಕ್ಕದಲ್ಲಿ ಆ ಶಿಕ್ಷೆಯ ಸಮಯ 55 ಪೂರ್ಣ ಪಂದ್ಯಗಳಿಗೆ ಸಮ.

2010ರ ಜುಲೈ 5ರಂದು, ಕುಟುಂಬದೊಡನೆ ಸೇಂಟ್ ಕ್ಲೇರ್ ಸರೋವರದ ದೋಣಿಯಲ್ಲಿದ್ದಾಗ ಪ್ರೋಬರ್ಟ್ ಕುಸಿದುಬಿದ್ದರು. ವಯಸ್ಸು 45. ಹೋದದ್ದು ಹೃದಯಾಘಾತದಿಂದ. ಕೊನೆಯ ವರ್ಷಗಳಲ್ಲಿ ಮರೆವು, ಹಿಂದೆಂದೂ ಇಲ್ಲದ ಸಿಡುಕು ಕಾಣಿಸಿಕೊಂಡಿದ್ದವೆಂದು ಅವರ ಪತ್ನಿ ಬಹಿರಂಗವಾಗಿ ಹೇಳಿದ್ದಾರೆ. ತನ್ನ ಮಿದುಳನ್ನು ಸಂಶೋಧನೆಗೆ ಕೊಡಬೇಕೆಂಬುದು ಅವರದೇ ಇಚ್ಛೆಯಾಗಿತ್ತು. ಬೋಸ್ಟನ್ ವಿಶ್ವವಿದ್ಯಾಲಯದ ತಜ್ಞರು ಅದನ್ನು ಪರೀಕ್ಷಿಸಿದರು. 2011ರ ಮಾರ್ಚಿನಲ್ಲಿ ಫಲಿತಾಂಶ ಹೊರಬಂತು: ಸಿಟಿಇ, ಅಂದರೆ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರ ಮಿದುಳಿನಲ್ಲಿ 'ಟೌ' ಎಂಬ ಪ್ರೋಟೀನು ಗಂಟುಗಟ್ಟಿ, ನೆನಪು, ಸ್ವಭಾವ, ಕೊನೆಗೆ ಬುದ್ಧಿಯನ್ನೂ ಹಾಳುಗೆಡವುವ ಕಾಯಿಲೆ. ಬದುಕಿರುವಾಗ ಖಚಿತವಾಗಿ ಪತ್ತೆಹಚ್ಚುವ ಪರೀಕ್ಷೆ ಇನ್ನೂ ಇಲ್ಲ. ಸತ್ತ ಮೇಲೆ ಮಿದುಳನ್ನು ಸೀಳಿ ನೋಡಬೇಕು.

ವಿಂಡ್ಸರ್ ಜನ ಪ್ರೋಬರ್ಟ್ ಹೆಸರಿನಲ್ಲಿ ಮೋಟಾರ್ ಸೈಕಲ್ ಸವಾರಿ ನಡೆಸಿ ಹೃದ್ರೋಗಿಗಳ ಆರೈಕೆಗೆ ಹಣ ಕೂಡಿಸಿದರು. 2017ರ ಏಪ್ರಿಲಿನಲ್ಲಿ ಜೋ ಲೂಯಿಸ್ ಅರೀನಾದ ಕೊನೆಯ ಪಂದ್ಯ ಮುಗಿದ ಮೇಲೆ ಅವರ ಪತ್ನಿ ಮತ್ತು ಕೋಸರ್ ಸೇರಿ ಅವರ ಚಿತಾಭಸ್ಮದ ಒಂದು ಪಾಲನ್ನು ಅಲ್ಲಿನ ಪೆನಾಲ್ಟಿ ಬಾಕ್ಸಿನಲ್ಲಿ ಇಟ್ಟರು. ಹೃದಯದ ಬಾಬತ್ತನ್ನು ಊರು ನೋಡಿಕೊಂಡಿತು, ಮಾನ್ಯರೇ. ಮಿದುಳಿನ ಬಾಬತ್ತು ನಿಮ್ಮದು.

ನಿಮ್ಮ ವಕೀಲರು ಏನು ಹೇಳುತ್ತಾರೆಂದು ಊಹಿಸಬಲ್ಲೆ. ಪ್ರೋಬರ್ಟ್ ಸತ್ತದ್ದು ಸಿಟಿಇಯಿಂದಲ್ಲ. ಸರಿ. ಅವರ ಮಿದುಳಿನ ಹಾನಿಗೆ ಗುದ್ದಾಟ ಎಷ್ಟು ಕಾರಣ, ಆಟದ ಡಿಕ್ಕಿಗಳು ಎಷ್ಟು, ಮಾದಕವಸ್ತು ಎಷ್ಟು ಎಂದು ಪಾಲು ಹಂಚಿ ಹೇಳಲಾಗದು. ಅದೂ ಸರಿ. ಮಿದುಳು ದಾನ ಮಾಡುವ ಕುಟುಂಬಗಳು ಮೊದಲೇ ಸಂಶಯ ಇದ್ದವರು, ಆದ್ದರಿಂದ ದಾನದ ಮಿದುಳುಗಳಲ್ಲಿ ಕಾಣುವ ಕಾಯಿಲೆಯ ಪ್ರಮಾಣ ಎಲ್ಲ ಆಟಗಾರರಿಗೂ ಅನ್ವಯಿಸದು ಎನ್ನುವುದನ್ನು ಸಂಶೋಧಕರೇ ಒಪ್ಪುತ್ತಾರೆ. ಆದರೆ ಒಬ್ಬರ ಮೇಲೊಬ್ಬರು ಬರುತ್ತಲೇ ಇದ್ದಾರಲ್ಲ. ಪ್ರೋಬರ್ಟ್‌ಗಿಂತ ಮೊದಲು, 2009ರಲ್ಲಿ, ಅರವತ್ತರ ದಶಕದ ಒರಟು ಆಟಗಾರ ರೆಗ್ಗಿ ಫ್ಲೆಮಿಂಗ್ ಮಿದುಳಿನಲ್ಲಿ ಇದೇ ಕಾಯಿಲೆ ಕಂಡಿತ್ತು. ಬಫಲೋ ತಂಡದ ಎಡ ವಿಂಗರ್ ರಿಕ್ ಮಾರ್ಟಿನ್ 384 ಗೋಲು ಹೊಡೆದ ನಯದ ಆಟಗಾರ, ಗುದ್ದಾಟದವರೇ ಅಲ್ಲ. ಅವರಲ್ಲೂ ಅದೇ. ಮಿನ್ನೆಸೋಟ ಹಾಗೂ ನ್ಯೂಯಾರ್ಕ್ ತಂಡಗಳ ಎಡ ವಿಂಗರ್ ಡೆರೆಕ್ ಬೂಗಾರ್ಡ್ 277 ಪಂದ್ಯಗಳಲ್ಲಿ ಹೊಡೆದದ್ದು ಮೂರೇ ಗೋಲು. ಅವರನ್ನು ಗೋಲು ಹೊಡೆಯಲೆಂದು ಯಾರೂ ಇಟ್ಟುಕೊಂಡಿರಲಿಲ್ಲ. 2011ರ ಮೇ ತಿಂಗಳಲ್ಲಿ, 28ನೇ ವಯಸ್ಸಿಗೆ, ನೋವು ನಿವಾರಕ ಮಾತ್ರೆ ಮತ್ತು ಮದ್ಯದ ಮಿತಿಮೀರಿದ ಸೇವನೆಯಿಂದ ತೀರಿಕೊಂಡರು. ಅಷ್ಟು ಎಳೆಯ ಮಿದುಳಿನಲ್ಲೂ ಸಿಟಿಇ ಇತ್ತು. ಅದೇ ಬೇಸಿಗೆಯಲ್ಲಿ ರಿಕ್ ರಿಪಿಯನ್, ವೇಡ್ ಬೆಲಾಕ್ ಎಂಬ ಇನ್ನಿಬ್ಬರು ಗುದ್ದಾಟಗಾರರೂ ಹೋದರು.

ಆ ದಿನಗಳಲ್ಲಿ ನಿಮ್ಮ ಕಚೇರಿಯಲ್ಲಿ ಏನು ಚರ್ಚೆ ನಡೆಯಿತೆಂಬುದು ಈಗ ಗುಟ್ಟಲ್ಲ. ನಿವೃತ್ತ ಆಟಗಾರರು ಲೀಗಿನ ವಿರುದ್ಧ ಹೂಡಿದ ಮೊಕದ್ದಮೆಯ ಕಾರಣ 2016ರಲ್ಲಿ ನ್ಯಾಯಾಲಯ ಹೊರಗೆಡವಿದ ಇಮೇಲ್‌ಗಳಲ್ಲಿ ನಿಮ್ಮ ಉಪ ಆಯುಕ್ತ ಬಿಲ್ ಡೇಲಿ ಬರೆದದ್ದೂ ಇದೆ. ಗುದ್ದಾಟ ಹೆಚ್ಚಿದರೆ ತಲೆಪೆಟ್ಟು ಹೆಚ್ಚುತ್ತದೆ, ತಲೆಪೆಟ್ಟು ಹೆಚ್ಚಿದರೆ ಖಿನ್ನತೆ, ಖಿನ್ನತೆ ಹೆಚ್ಚಿದರೆ ಇಂಥ ವೈಯಕ್ತಿಕ ದುರಂತಗಳು: ಇದು ಅವರ ಮಾತಿನ ಸಾರ. ನಾನು ಇಲ್ಲಿ ಪುಟಗಟ್ಟಲೆ ಬರೆಯುತ್ತಿರುವುದನ್ನು ಅವರು 2011ರಲ್ಲೇ ಒಂದು ವಾಕ್ಯದಲ್ಲಿ ಮುಗಿಸಿದ್ದರು. ಒಳಗೆ ಅಷ್ಟು ಸ್ಪಷ್ಟವಾಗಿ ತಿಳಿದಿದ್ದದ್ದು ಹೊರಗೆ ಬರುವಾಗ ಏಕೆ ಮಸುಕಾಯಿತು? 2016ರಲ್ಲಿ ಅಮೆರಿಕದ ಸೆನೆಟರ್ ರಿಚರ್ಡ್ ಬ್ಲೂಮೆಂಥಾಲ್ ಅವರಿಗೆ ನೀವು ಬರೆದ ಉತ್ತರದಲ್ಲಿ ಸಿಟಿಇ ವಿಜ್ಞಾನ ಇನ್ನೂ ಎಳೆಯದು ಎಂದಿರಿ. 2019ರ ಮೇ 1ರಂದು ಕೆನಡಾ ಸಂಸತ್ತಿನ ಉಪಸಮಿತಿಯ ಎದುರು ಕುಳಿತಾಗಲೂ ನಿರ್ಣಾಯಕ ಸಂಬಂಧ ಕಂಡುಬಂದಿಲ್ಲ ಎಂಬ ಅದೇ ನಿಲುವು. ಅಷ್ಟರಲ್ಲಿ ಅಮೆರಿಕದ ಫುಟ್‌ಬಾಲ್ ಲೀಗಿನ ಹಿರಿಯ ಅಧಿಕಾರಿಯೊಬ್ಬರು ಸಂಸದರ ಎದುರು ಸಂಬಂಧವನ್ನು ಒಪ್ಪಿಕೊಂಡು ಮೂರು ವರ್ಷವಾಗಿತ್ತು. 2022ರಲ್ಲಿ ಅಮೆರಿಕ ಸರ್ಕಾರದ ನರರೋಗ ಸಂಶೋಧನಾ ಸಂಸ್ಥೆಯೇ, ಮರುಕಳಿಸುವ ತಲೆಪೆಟ್ಟು ಸಿಟಿಇಗೆ ಭಾಗಶಃ ಕಾರಣ ಎಂದು ಬರೆಯಿತು. 2024ರ ಡಿಸೆಂಬರಿನಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ 77 ಹಾಕಿ ಆಟಗಾರರ ದಾನದ ಮಿದುಳುಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿತು. ಅರ್ಧಕ್ಕಿಂತ ಹೆಚ್ಚು ಮಿದುಳುಗಳಲ್ಲಿ ಕಾಯಿಲೆ ಇತ್ತು. ಹೆಚ್ಚು ಆಡಿದ ಪ್ರತಿಯೊಂದು ವರ್ಷಕ್ಕೂ ಅದರ ಸಂಭವ ಸುಮಾರು 23 ಶೇಕಡಾ ಏರುತ್ತಿತ್ತು. ವಿಜ್ಞಾನ ಎಳೆಯದು ಎಂಬ ಮಾತನ್ನು ಇನ್ನೆಷ್ಟು ಕಾಲ ಹೇಳುತ್ತೀರಿ?

ನಿವೃತ್ತರು ಹೂಡಿದ ಮೊಕದ್ದಮೆಯ ಕತೆಯನ್ನು ಓದುಗರು ತಿಳಿಯಬೇಕು. 2018ರಲ್ಲಿ ಎಲ್ಲ ಮಾಜಿ ಆಟಗಾರರ ಪರವಾಗಿ ಒಟ್ಟಾಗಿ ನಡೆಸಲು ನ್ಯಾಯಾಲಯ ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ 1.89 ಕೋಟಿ ಡಾಲರ್‌ಗೆ ರಾಜಿಯಾಯಿತು. ಮುನ್ನೂರಕ್ಕೂ ಹೆಚ್ಚು ಜನರಿಗೆ ತಲಾ ಸುಮಾರು 22,000 ಡಾಲರ್, ಜೊತೆಗೆ ಪರೀಕ್ಷೆ ಮತ್ತು ಸೀಮಿತ ಚಿಕಿತ್ಸೆಯ ವೆಚ್ಚ. ತಪ್ಪೊಪ್ಪಿಗೆ ಇಲ್ಲ. ಫುಟ್‌ಬಾಲ್ ಲೀಗಿನ ರಾಜಿ ನೂರು ಕೋಟಿ ಡಾಲರಿನ ಆಸುಪಾಸಿನದು. ನಿಮ್ಮ ವಕೀಲರು ಗೆದ್ದರು, ಅವರ ಕಸುಬೇ ಅದು. ಆದರೆ 22,000 ಡಾಲರಿನಲ್ಲಿ, ಮಗಳ ಹೆಸರು ಮರೆಯತೊಡಗಿದ ಐವತ್ತರ ವಯಸ್ಸಿನ ಮನುಷ್ಯನ ಆರೈಕೆಯನ್ನು ಈ ದೇಶಗಳಲ್ಲಿ ಎಷ್ಟು ತಿಂಗಳು ಮಾಡಿಸಬಹುದೆಂದು ಯಾವುದಾದರೂ ಆರೈಕೆ ಕೇಂದ್ರಕ್ಕೆ ಫೋನು ಮಾಡಿ ಕೇಳಿ ನೋಡಿ.

ನೀವು ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. 1997ರಲ್ಲೇ ತಲೆಪೆಟ್ಟಿನ ಪರೀಕ್ಷಾ ಕಾರ್ಯಕ್ರಮ ಆರಂಭಿಸಿದಿರಿ. ಆಟಗಾರ ಮಾರ್ಕ್ ಸವಾರ್ಡ್ ಅವರ ತಲೆಗೆ ಬಿದ್ದ ಭೀಕರ ಪೆಟ್ಟಿನ ನಂತರ 2010ರಲ್ಲಿ ತಲೆಗೆ ಗುರಿಯಿಡುವ ಡಿಕ್ಕಿಗಳ ವಿರುದ್ಧ ನಿಯಮ ತಂದಿರಿ. ಗುದ್ದಾಟಗಳ ಸಂಖ್ಯೆಯೂ ಇಳಿದಿದೆ, ಅದಕ್ಕಾಗಿಯೇ ಸಂಬಳ ಪಡೆಯುವವರು ಬಹುತೇಕ ಕಣ್ಮರೆಯಾಗಿದ್ದಾರೆ.

ಹಾಗಿದ್ದರೂ ಗುದ್ದಾಟ ಆಟದ ಭಾಗ, ಇಲ್ಲದಿದ್ದರೆ ಕೋಲಿನಿಂದ ಹೊಡೆಯುವುದು ಹೆಚ್ಚುತ್ತದೆ ಎಂಬ ಹಳೆಯ ವಾದ ಇನ್ನೂ ನಿಂತಿದೆ. ಈ ವಾದಕ್ಕೆ ಉತ್ತರ ನಿಮ್ಮ ಆಟಗಾರರೇ ಕೊಟ್ಟಿದ್ದಾರೆ. 1998ರ ನಾಗಾನೊದಿಂದ 2014ರ ಸೋಚಿಯವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ಅವರೇ ಆಡಿದರು. ಅಲ್ಲಿ ಗುದ್ದಿದವನು ಪಂದ್ಯದಿಂದಲೇ ಹೊರಕ್ಕೆ. ಆಟ ಸಪ್ಪೆಯಾಯಿತೆಂದು ಯಾರೂ ದೂರಲಿಲ್ಲ. 2010ರ ವ್ಯಾಂಕೂವರ್ ಫೈನಲ್ ನೋಡಿದವರನ್ನು ಕೇಳಿ. ನಿಮ್ಮ ಲೀಗಿಗೆ ಹುಡುಗರನ್ನು ಕಳುಹಿಸುವ ಕ್ವಿಬೆಕ್‌ನ ಜೂನಿಯರ್ ಲೀಗ್ ಕೂಡ 2023ರಿಂದ ಅದೇ ನಿಯಮ ತಂದಿದೆ. ನೀವು ಮಾಡಿದ್ದೇನು? 2025ರ ಫೆಬ್ರವರಿ 15ರಂದು ಮಾಂಟ್ರಿಯಲ್‌ನಲ್ಲಿ ನಿಮ್ಮದೇ ಲೀಗ್ ಏರ್ಪಡಿಸಿದ ನಾಲ್ಕು ರಾಷ್ಟ್ರಗಳ ಟೂರ್ನಿಯಲ್ಲಿ ಕೆನಡಾ-ಅಮೆರಿಕ ಪಂದ್ಯ ಶುರುವಾದ ಒಂಬತ್ತು ಸೆಕೆಂಡಿನೊಳಗೆ ಮೂರು ಗುದ್ದಾಟಗಳಾದವು. ಒಂಬತ್ತು ಸೆಕೆಂಡಿನಲ್ಲಿ ಯಾರು ಯಾರಿಗೆ ಏನು ಅನ್ಯಾಯ ಮಾಡಿರಲು ಸಾಧ್ಯ, ಅದನ್ನು ಮುಷ್ಟಿಯಿಂದ ಸರಿಪಡಿಸಲು? ಆ ತುಣುಕು ವಾರವಿಡೀ ಎಲ್ಲ ಪರದೆಗಳಲ್ಲೂ ಓಡಿತು. ಹಾಕಿ ಎಂದರೇನೆಂದು ಗೊತ್ತಿಲ್ಲದ ನನ್ನ ಬೆಂಗಳೂರಿನ ನೆಂಟರ ಮೊಬೈಲಿಗೂ ಬಂತು. ಆಟಕ್ಕೆ ಹೊಸ ನೋಡುಗರು ಬಂದರೆಂದು ಸಂತೋಷಪಟ್ಟವರೇ ಹೆಚ್ಚು.

ಅದೇ ವಾರ ನಮ್ಮ ರಿಂಕಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗರು ಕೈಗವಸು ಎಸೆದು ಆ ದೃಶ್ಯವನ್ನು ಆಡಿ ತೋರಿಸುತ್ತಿದ್ದರು. ತರಬೇತುದಾರ ಇಬ್ಬರನ್ನೂ ಬೆಂಚಿಗೆ ಕಳುಹಿಸಿದರು. ಒಂಟಾರಿಯೊದಲ್ಲಿ ರೋವನ್ ಎಂಬ ಬಾಲಕಿಯ ಹೆಸರಿನ ಕಾನೂನು ಇದೆ. ಹದಿನೇಳರ ಆಕೆ ರಗ್ಬಿ ಆಡುವಾಗ ಕೆಲವೇ ದಿನಗಳ ಅಂತರದಲ್ಲಿ ತಲೆಗೆ ಪೆಟ್ಟು ತಿಂದು 2013ರಲ್ಲಿ ತೀರಿಕೊಂಡಳು. ಆ ಕಾನೂನಿನಂತೆ ಮಕ್ಕಳನ್ನು ಆಟಕ್ಕೆ ಸೇರಿಸುವ ಪ್ರತಿಯೊಬ್ಬ ಪೋಷಕರೂ ತಲೆಪೆಟ್ಟಿನ ಲಕ್ಷಣಗಳನ್ನು ಓದಿ ತಿಳಿದಿದ್ದೇವೆಂದು ಪ್ರತಿವರ್ಷ ಸಹಿ ಹಾಕಬೇಕು. ನಾವು ಓದುತ್ತೇವೆ, ಸಹಿ ಹಾಕುತ್ತೇವೆ. ಆಮೇಲೆ ಮನೆಗೆ ಬಂದು ಟಿವಿ ಹಾಕಿದರೆ ಆ ಮಕ್ಕಳ ಆರಾಧ್ಯ ಆಟಗಾರರು ತಲೆಗೆ ಗುದ್ದಾಡುತ್ತಿರುತ್ತಾರೆ, ವೀಕ್ಷಕ ವಿವರಣೆಗಾರರ ಧ್ವನಿ ಆಗಲೇ ಏರುತ್ತದೆ. ಸಹಿ ಹಾಕಿದ ಕಾಗದವನ್ನು ನಂಬಬೇಕೋ ಪರದೆಯನ್ನು ನಂಬಬೇಕೋ ಎಂದು ಮಗು ಕೇಳಿದರೆ ನಾವು ಏನು ಹೇಳೋಣ?

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಮರುಕಳಿಸುವ ತಲೆಪೆಟ್ಟಿಗೂ ಸಿಟಿಇಗೂ ಸಂಬಂಧವಿದೆ ಎಂಬುದನ್ನು ಲೀಗಿನ ಪರವಾಗಿ, ನಿಮ್ಮ ಬಾಯಿಂದಲೇ, ಷರತ್ತುಗಳ ಪೊರೆ ಇಲ್ಲದೆ ಹೇಳಿ. ಇದಕ್ಕೆ ಹಣ ಬೇಕಾಗಿಲ್ಲ. ವಕೀಲರಿಗೆ ಇಷ್ಟವಾಗದಿರಬಹುದು, ಆದರೆ ಈಗಲೂ ಆಡುತ್ತಿರುವ ಯುವಕರು ತಮ್ಮ ಬದುಕಿನ ನಿರ್ಧಾರವನ್ನು ತಿಳಿದು ತೆಗೆದುಕೊಳ್ಳಲು ಇದು ಬೇಕೇ ಬೇಕು. ಎರಡನೆಯದು, ಗುದ್ದಾಡಿದವನನ್ನು ಉಳಿದ ಪಂದ್ಯದಿಂದ ಹೊರಗಿಡಿ. ಆಟಗಾರರ ಸಂಘ ಒಪ್ಪುವುದಿಲ್ಲ ಎಂಬ ನಿಮ್ಮ ಹಳೆಯ ಉತ್ತರ ನನಗೆ ಗೊತ್ತು. ಒಪ್ಪಿಸಲು ನೀವು ಪ್ರಯತ್ನಿಸಿದ ದಾಖಲೆ ಇದ್ದರೆ ದಯವಿಟ್ಟು ಪ್ರಕಟಿಸಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತುರ್ತಿನದು ನಿವೃತ್ತರ ಆರೈಕೆ. ಪ್ರೋಬರ್ಟ್ ಕಾಲದಲ್ಲಿ ಆಡಿದವರು ಈಗ ಐವತ್ತು, ಅರವತ್ತು ದಾಟಿದ್ದಾರೆ. ಕೆಲವರು ನಮ್ಮ ಊರಿನ ಕಾಫಿ ಅಂಗಡಿಗಳಲ್ಲೇ ಕುಳಿತಿರುತ್ತಾರೆ, ನೋಡಿದ್ದೇನೆ. ಗುರುತು ಹಿಡಿದು ಮಾತಾಡಿಸಿದರೆ ಹಳೆಯ ಪಂದ್ಯಗಳು ನೆನಪಿರುತ್ತವೆ, ಈಗಷ್ಟೇ ಹೇಳಿದ ಮಾತು ಇರುವುದಿಲ್ಲ. ಮೊಕದ್ದಮೆಯಲ್ಲಿ ಸೇರಿದ್ದರೋ ಇಲ್ಲವೋ, ರಾಜಿಗೆ ಸಹಿ ಹಾಕಿದ್ದರೋ ಇಲ್ಲವೋ ಎಂದು ನೋಡದೆ, ಲೀಗಿನಲ್ಲಿ ಆಡಿದ ಎಲ್ಲರಿಗೂ ನರರೋಗ ಪರೀಕ್ಷೆ, ಚಿಕಿತ್ಸೆ, ಅಗತ್ಯವಿದ್ದರೆ ಮನೆಯಲ್ಲೇ ಆರೈಕೆ ಸಿಗುವ ಆಜೀವ ನಿಧಿಯೊಂದನ್ನು ಸ್ಥಾಪಿಸಿ. ಅದರ ವೈದ್ಯರನ್ನು ಲೀಗಾಗಲಿ ತಂಡಗಳಾಗಲಿ ನೇಮಿಸಕೂಡದು. ಗುದ್ದಾಟದ ತುಣುಕುಗಳನ್ನು ಪ್ರಚಾರಕ್ಕೆ ಬಳಸುವುದನ್ನಂತೂ ನಾಳೆಯಿಂದಲೇ ನಿಲ್ಲಿಸಬಹುದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಮುಂದಿನ ಋತು ಆರಂಭವಾಗಲಿದೆ. ಅದಕ್ಕೆ ಮೊದಲು ನಿಮ್ಮ ಉತ್ತರ ಬಂದರೆ, ಅದು ಏನೇ ಇರಲಿ, ಒಂದಕ್ಷರ ಬಿಡದೆ ಕನ್ನಡಕ್ಕೆ ತಂದು ಇದೇ ಓದುಗರ ಮುಂದೆ ಇಡುತ್ತೇನೆ. ಬರದಿದ್ದರೆ ಈ ಪತ್ರದ ಪ್ರತಿಯನ್ನು ಒಟ್ಟಾವದ ಸಂಸತ್ ಸಮಿತಿಗೂ ನಮ್ಮ ಕ್ಷೇತ್ರದ ಸಂಸದರಿಗೂ ಕಳುಹಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ವಿಂಡ್ಸರ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ